ಇಬ್ಬರು ಕೃಷ್ಣಸ್ವಾಮಿಗಳು



ಈ ಸಲ ಇಬ್ಬರು ತಂದೆಯರ ವಿಷಯ. ಇಬ್ಬರ ಹೆಸರೂ ಕೃಷ್ಣಸ್ವಾಮಿ. ಇಬ್ಬರೂ ಕಾಲೇಜಿನ ಮೇಷ್ಟ್ರುಗಳು. ಇಬ್ಬರ ಮಕ್ಕಳೂ ಅಮೆರಿಕದಲ್ಲಿ ಪಾಠ ಹೇಳಿ ಹೆಸರು ಮಾಡಿದವರು.

ಮೊದಲನೆಯವರ ಮಗ ನಮ್ಮ ಆಸ್ಟಿನ್ನಿನವರೇ ಆಗಿಹೋದ ರಾಜಾರಾವ್. ಹಾಸನದಲ್ಲಿ 1908ರಲ್ಲಿ ಹುಟ್ಟಿ 'ಕಾಂತಾಪುರ' ಬರೆದ ಇವರು 1966ರಿಂದ 1980ರವರೆಗೆ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದರು. 2006ರಲ್ಲಿ ಆಸ್ಟಿನ್ನಿನಲ್ಲೇ ತೀರಿಕೊಂಡರು. ತಂದೆ ಎಚ್. ವಿ. ಕೃಷ್ಣಸ್ವಾಮಿಯವರು ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು. ಮಗನ ಪರಿಚಯ ಬರೆಯುವವರು ತಂದೆಗೆ ಕೊಡುವುದು ಸಾಮಾನ್ಯವಾಗಿ ಈ ಒಂದೇ ವಾಕ್ಯ. ಉದ್ಯೋಗ ತಿಳಿಯಿತು, ಮನುಷ್ಯ ತಿಳಿಯಲಿಲ್ಲ.

ಎರಡನೆಯವರು ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು, ಷಿಕಾಗೋದ ಎ. ಕೆ. ರಾಮಾನುಜನ್ ಅವರ ತಂದೆ. ಇವರನ್ನು ಎದುರಿಗೆ ಕಂಡಂತೆಯೇ ನಾವು ಬಲ್ಲೆವು. ಬಿಳಿ ರುಮಾಲು, ಕಚ್ಚೆ ಪಂಚೆಯ ಮೇಲೆ ಇಂಗ್ಲಿಷ್ ಕೋಟು, ಟೈ. ಪಾಲಿಷ್ ಮಾಡಿದ ಬೂಟು ಮಾತ್ರ ಒಳಮನೆಗೆ ಬರುವಂತಿಲ್ಲ. ಖಗೋಳವೂ ಗೊತ್ತು, ಜ್ಯೋತಿಷವೂ ಗೊತ್ತು. ಮನೆಗೆ ವಿದೇಶದ ಗಣಿತಜ್ಞರೂ ಬರುತ್ತಿದ್ದರು, ಮಹಾರಾಜರು ಹೊದಿಸಿದ ಜರಿ ಶಾಲಿನ ಜೋಯಿಸರೂ ಬರುತ್ತಿದ್ದರು. ನೆಪ್ಚೂನ್, ಪ್ಲೂಟೋ ಸಿಕ್ಕಮೇಲೆ ನಿಮ್ಮ ನವಗ್ರಹಗಳ ಗತಿಯೇನು ಎಂದು ಹರೆಯದ ಮಗ ಕೆಣಕಿದರೆ, ಲೆಕ್ಕವನ್ನು ಅಷ್ಟು ತಿದ್ದಿಕೊಂಡರಾಯಿತು ಎಂದುಬಿಟ್ಟರಂತೆ! ತಂದೆ ಹೋಗಿ ಎಷ್ಟೋ ವರ್ಷಗಳ ಮೇಲೆ, 1989ರಲ್ಲಿ ಅಚ್ಚಾದ ಇಂಗ್ಲಿಷ್ ಪ್ರಬಂಧವೊಂದರಲ್ಲಿ ಮಗ ಇದನ್ನೆಲ್ಲ ಬರೆದಿಟ್ಟರು. ಅದರಿಂದಲೇ ಇಂದಿಗೂ ಆ ಮೇಷ್ಟ್ರು ನಮ್ಮೆದುರು ಓಡಾಡುತ್ತಾರೆ.

ನಮ್ಮ ಮನೆಗಳ ಮಾತೇನು? ಊರಿನಲ್ಲಿ ಶಾನುಭೋಗಿಕೆ, ರೈಲ್ವೆ, ಭದ್ರಾವತಿ ಕಾರ್ಖಾನೆ, ಅಂಚೆ ಕಚೇರಿ ಎಂದು ದುಡಿದ ನಮ್ಮ ತಂದೆಯರು ಇಲ್ಲಿಯ ಮೊಮ್ಮಕ್ಕಳಿಗೆ ಗೋಡೆಯ ಮೇಲಿನ ಫೋಟೋ ಅಷ್ಟೆ. ಹ್ಯೂಸ್ಟನ್ನಿನ ಎಣ್ಣೆ ಕಂಪನಿಗಳಲ್ಲಿ, ಡಲ್ಲಾಸಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ತಾತಂದಿರನ್ನೂ 'ಇಂಜಿನಿಯರ್ ಆಗಿದ್ದರು' ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಸಂಬಳ, ಹುದ್ದೆ, ಬಡ್ತಿಗಳು ಕಾಗದಪತ್ರಗಳಲ್ಲಿ ಉಳಿಯುತ್ತವೆ. ಭಾನುವಾರ ಹಾರ್ಮೋನಿಯಂ ಮುಂದೆ ಕೂತದ್ದು, ಕೆಟ್ಟ ರೇಡಿಯೋ ಬಿಚ್ಚಿ ಜೋಡಿಸಿದ್ದು, ಗುಲಾಬಿಗೆ ಕಸಿ ಕಟ್ಟಿದ್ದು, ತಾಳಮದ್ದಳೆಯಲ್ಲಿ ಅರ್ಥ ಹೇಳಿದ್ದು ಯಾವ ಕಾಗದದಲ್ಲೂ ಇರುವುದಿಲ್ಲ. ಕಂಡವರ ನೆನಪಿನಲ್ಲಿದೆ, ಅವರಿಗೂ ವಯಸ್ಸಾಗುತ್ತಿದೆ.

ಆದ್ದರಿಂದ ಒಂದು ಕೋರಿಕೆ. ತಂದೆ ಇದ್ದರೆ ಅವರನ್ನೇ ಕೂರಿಸಿಕೊಂಡು ಕೇಳಿ. ಇಲ್ಲದಿದ್ದರೆ ತಾಯಿಗೋ ಸೋದರತ್ತೆಗೋ ಚಿಕ್ಕಪ್ಪನಿಗೋ ಫೋನು ಮಾಡಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತಿದ್ದರು, ಕೈಯಲ್ಲಿ ಏನಿರುತ್ತಿತ್ತು, ಯಾವ ಕೆಲಸ ಬೇಸರ ತರಿಸುತ್ತಿತ್ತು, ಯಾವುದಕ್ಕೆ ಊಟ ಮರೆಯುತ್ತಿದ್ದರು? ಒಂದು ಪುಟ ಸಾಕು, ಕೈಬರಹವಾದರೂ ಸರಿ. ಹೊಗಳಿಕೆ ಬೇಡ, ವಿವರ ಬೇಕು. ಕನ್ನಡ ಓದಲು ಬಾರದ ಮಕ್ಕಳಿಗೆ ನೀವೇ ಓದಿ ಹೇಳಿ. ಆಮೇಲೆ ನಮಗೆ ಕಳುಹಿಸಿ; ಮುಂದಿನ ಸಂಚಿಕೆಗಳಲ್ಲಿ ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಳ್ಳೋಣ.