ಎರಡನೆಯ ಅವಕಾಶ

ಏಷ್ಯಾ ಜೂಡೋ ಪಂದ್ಯಗಳ ಫಲಿತಾಂಶ ಓದುವ ಹುಲೇಕಲ್ಲಿನ ವಾಚಕರಿಗೆ ಒಂದು ಸಂದೇಹ ಮೂಡೀತು: ಪ್ರತಿ ತೂಕದ ವರ್ಗದಲ್ಲಿಯೂ ಚಿನ್ನ ಒಂದು, ಬೆಳ್ಳಿ ಒಂದು, ಕಂಚು ಮಾತ್ರ ಎರಡೇಕೆ? ಈಗಿನ ನಿಯಮದಂತೆ ಎಂಟರ ಘಟ್ಟದಲ್ಲಿ ಸೋತವರಿಗೂ ಮರಳಿ ಸೆಣಸುವ ಅವಕಾಶವುಂಟು. ಅವರಲ್ಲಿ ಗೆದ್ದವರು ಉಪಾಂತ್ಯದಲ್ಲಿ ಸೋತವರೊಡನೆ ಕಂಚಿಗಾಗಿ ಹೋರಾಡುತ್ತಾರೆ. 1986ರಲ್ಲಿ ಸಿಯೋಲ್ ಏಷ್ಯನ್ ಕ್ರೀಡೆಗಳಿಗೆ ಜೂಡೋ ಮೊದಲಬಾರಿ ಸೇರಿದಾಗ ಭಾರತ ಗಳಿಸಿದ ನಾಲ್ಕು ಪದಕಗಳೂ ಕಂಚಿನವೇ.

ಮರುವರ್ಷ ಭಾರತೀಯ ಕ್ರೀಡಾ ಪ್ರಾಧಿಕಾರವು ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿ ಮಕ್ಕಳನ್ನು ಆರಿಸಿ ಕ್ರೀಡಾ ತರಬೇತಿ ನೀಡತೊಡಗಿತು. ಕಮಲಾ ಸಿದ್ದಿಯವರಂಥವರು ಅಥ್ಲೆಟಿಕ್ಸಿನಲ್ಲಿ ಹೆಸರು ಪಡೆದರು. ಆದರೆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತಿತು. ಹಲವರು ಅರ್ಧದಲ್ಲಿಯೇ ಊರಿಗೆ ಮರಳಿದರು. ಸೋತವರಿಗೆ ಜೂಡೋ ಕೊಡುವ ಎರಡನೆಯ ಅವಕಾಶ, ಸೋಲದೆಯೇ ಹಿಂತಿರುಗಿದ ಆ ಮಕ್ಕಳಲ್ಲಿ ಬಹುಮಂದಿಗೆ ದೊರೆಯಲಿಲ್ಲ.