ಲೆಕ್ಕ ಕೊಡಿ, ಆಮೇಲೆ ಹಾರ ಹಾಕಿಸಿಕೊಳ್ಳಿ

ಬೆಂಗಳೂರಿನ ಗೆಳೆಯ ಪತ್ರಿಕೆಯೊಂದು ತನ್ನ ಈಚಿನ ಸಂಪಾದಕೀಯದಲ್ಲಿ ಬಳ್ಳಾರಿಗಾಗಿ ಕಣ್ಣೀರು ಸುರಿಸಿದೆ. ಧಾರವಾಡದ ಕೆಲವರು ಪಾರದರ್ಶಕತೆಯ ಗೀಳು ಹಚ್ಚಿಕೊಂಡು ಸುಪ್ರೀಂ ಕೋರ್ಟಿಗೆ ಹೋದದ್ದರಿಂದ ಗಣಿ ನಿಂತವು, ಲಾರಿ ನಿಂತವು, ಬಡವರ ಒಲೆ ಆರಿತು ಎಂಬುದು ಅದರ ಸಾರ. ಪುಟ ತಿರುವಿದರೆ ಗಣಿ ಕಂಪನಿಯೊಂದರ ಬಹುವರ್ಣದ ಜಾಹೀರಾತು. ಜಾಹೀರಾತು ಹಾಕಿದ್ದಕ್ಕೆ ನಮ್ಮ ತಕರಾರಿಲ್ಲ. ಕಾಗದದ ಬೆಲೆ ನಮಗೂ ಗೊತ್ತು. ಸಂಪಾದಕೀಯವೂ ಜಾಹೀರಾತೇ ಆಗಿದ್ದರೆ ಅದರ ನೆತ್ತಿಯ ಮೇಲೆ ಹಾಗೆಂದು ಅಚ್ಚು ಹಾಕಬೇಕಿತ್ತು, ಅಷ್ಟೆ. ಪತ್ರಿಕೆಯ ಹೆಸರು ಬರೆಯುವುದಿಲ್ಲ. ಓದುವವರಿಗೆ ಗೊತ್ತು, ಓದದವರಿಗೆ ನಷ್ಟವಿಲ್ಲ.

ಆ ‘ಕೆಲವರು’ ಯಾರು? ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. 1984ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಜಗಳ ಅದಿರಿನದಲ್ಲ, ನೀಲಗಿರಿಯದು. ಸರ್ಕಾರ ಹಳ್ಳಿಗಳ ಗೋಮಾಳ ಮತ್ತು ಕಾಡಿನಂಚಿನ 30 ಸಾವಿರ ಹೆಕ್ಟೇರ್ ಭೂಮಿಯನ್ನು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ಮರ ಬೆಳೆದುಕೊಡಲೆಂದು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಬರೆದುಕೊಟ್ಟಿತ್ತು. 1987ರ ನವೆಂಬರ್ 14ರಂದು ಹಾವೇರಿ ಕಡೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಮರದ ಸಸಿ ನೆಟ್ಟರು. ಅದೇ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರ ಸಾಲಿನಲ್ಲಿ ಶಿವರಾಮ ಕಾರಂತರ ಹೆಸರಿತ್ತು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಕಾರಂತರು ಅರ್ಜಿಗೆ ಸಹಿ ಹಾಕುವಾಗ ಜ್ಞಾನಪೀಠ ಬಂದು ಸುಮಾರು ಹತ್ತು ವರ್ಷ ಕಳೆದಿತ್ತು. ಕೋರ್ಟು ಕಚೇರಿ ಅಲೆದರೆ ಪ್ರತಿಭೆ ಕುಂದುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ಇನ್ನು ಬಳ್ಳಾರಿ. ಅಲ್ಲಿ ನಡೆದದ್ದನ್ನು ನಮ್ಮ ಕಥೆಗಾರರು ಹೆಲಿಕಾಪ್ಟರು, ಚಿನ್ನದ ಕುರ್ಚಿ ಎಂದು ವರ್ಣಿಸಿ ಸುಮ್ಮನಾದರು. ಅಸಲು ಕಥೆ ಪರ್ಮಿಟ್ ಪುಸ್ತಕದಲ್ಲಿದೆ. 2003ರ ಮಾರ್ಚ್‌ನಲ್ಲಿ ಒಂದು ಅಧಿಸೂಚನೆ ಹೊರಟು, ಸರ್ಕಾರಿ ಗಣಿಗಾರಿಕೆಗೆಂದು ಕಾಯ್ದಿಟ್ಟಿದ್ದ 11,620 ಚದರ ಕಿಲೋಮೀಟರ್ ಪ್ರದೇಶ ಖಾಸಗಿಯವರಿಗೆ ತೆರೆಯಿತು. ಅದೇ ಹೊತ್ತಿಗೆ ಚೀನಾದಲ್ಲಿ ಉಕ್ಕಿನ ಹಸಿವು ಹೆಚ್ಚಿತು. ಟನ್ ಅದಿರು ಸಾವಿರಾರು ರೂಪಾಯಿಗೆ ಹಡಗು ಹತ್ತುವಾಗ ಸರ್ಕಾರದ ರಾಯಧನ ಟನ್ನಿಗೆ ಮೂವತ್ತು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಬೆಲೆಯ ಶೇ 10ರಷ್ಟು ರಾಯಧನ ಎಂಬ ಕ್ರಮ ಬಂದದ್ದು 2009ರಲ್ಲಿ. ಗುತ್ತಿಗೆ ಒಬ್ಬರ ಹೆಸರಿನಲ್ಲಿ, ಅದಿರು ತೆಗೆಯುವ ರೈಸಿಂಗ್ ಕಾಂಟ್ರಾಕ್ಟ್ ಇನ್ನೊಬ್ಬರದು, ಲಾಭ ಮೂರನೆಯವರಿಗೆ. ಒಂದು ಪರ್ಮಿಟ್ಟಿನಲ್ಲಿ ಹಲವು ಲಾರಿ. ಪರ್ಮಿಟ್ಟೇ ಇಲ್ಲದ ಲಾರಿಗೂ ಚೆಕ್‌ಪೋಸ್ಟಿನಲ್ಲಿ ತಡೆಯಿಲ್ಲ. ಮಾಮೂಲು ಕಟ್ಟಿದರೆ ದಾರಿಯುದ್ದಕ್ಕೂ ಯಾರೂ ಕೈ ಅಡ್ಡ ಹಾಕದ ಏರ್ಪಾಡಿಗೆ ‘ಝೀರೋ ರಿಸ್ಕ್’ ಎಂಬ ಹೆಸರೇ ಇತ್ತು. ಅದು ಲೋಕಾಯುಕ್ತ ವರದಿಯಲ್ಲೂ ದಾಖಲಾಗಿದೆ.

ಇದನ್ನು ಹಿಡಿದದ್ದು ಹೇಗೆ? ವಿಧಾನಸೌಧದ ಭಾಷಣದಿಂದಲ್ಲ. ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಬಂದರುಗಳ ರಫ್ತಿನ ಅಂಕಿಗಳನ್ನು ಒಂದು ಕಡೆ, ಗಣಿ ಇಲಾಖೆ ಕೊಟ್ಟ ಪರ್ಮಿಟ್ಟುಗಳ ಅಂಕಿಗಳನ್ನು ಇನ್ನೊಂದು ಕಡೆ ಇಟ್ಟು ಕಳೆದರು. ಶಾಲೆಯ ಮಕ್ಕಳು ಮಾಡುವ ಲೆಕ್ಕ ಅದು. ಉಳಿದ ಶೇಷ 2.98 ಕೋಟಿ ಟನ್. ಬೆಲೆ 12,228 ಕೋಟಿ ರೂಪಾಯಿ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಸರ್ಕಾರಕ್ಕೆ ಒಪ್ಪಿಸಿದ ವರದಿ ಬೊಕ್ಕಸದ ಒಟ್ಟು ನಷ್ಟವನ್ನು 16,085 ಕೋಟಿ ಎಂದು ಎಣಿಸಿತು. ನಾಲ್ಕೇ ದಿನಕ್ಕೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಎರಡು ಕಚೇರಿಗಳ ಅಂಕಿಗಳನ್ನು ಒಟ್ಟಿಗೆ ಓದಲು ಒಬ್ಬರಿಗೂ ಪುರುಸೊತ್ತಾಗದೆ ಇದ್ದದ್ದರಿಂದಲೇ ಇಷ್ಟೂ ವರ್ಷ ಲೂಟಿ ನಡೆಯಿತು. ಪಾರದರ್ಶಕತೆಯ ಗೀಳು ಎಂದು ಗೆಳೆಯ ಪತ್ರಿಕೆ ಹೀಗಳೆದದ್ದು ಈ ಕಳೆಯುವ ಲೆಕ್ಕವನ್ನು.

ಲೋಕಾಯುಕ್ತ ವರದಿ ಶಿಫಾರಸು ಮಾತ್ರ ಮಾಡಬಲ್ಲದು. ಅಂಥ ಶಿಫಾರಸುಗಳು ಯಾವ ಅಟ್ಟ ಸೇರುತ್ತವೆಂದು ಎಲ್ಲರಿಗೂ ಗೊತ್ತು. ಇದು ಅಟ್ಟ ಸೇರಲಿಲ್ಲ. ಕಾರಣ, ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ರಿಟ್ ಹಾಕಿ ಕಾದು ಕೂತಿತ್ತು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರುಗಳಲ್ಲೂ ನಿಂತಿತು. ಕೇಂದ್ರೀಯ ಉನ್ನತಾಧಿಕಾರ ಸಮಿತಿ ಗಡಿ ಅಳೆಸಿ, ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. 2013ರ ಏಪ್ರಿಲ್ 18ರ ತೀರ್ಪು ಸಿ ವರ್ಗದ 49 ಗುತ್ತಿಗೆಗಳನ್ನು ರದ್ದು ಮಾಡಿತು. ಅದಿರು ಇ-ಹರಾಜಿನಲ್ಲೇ ಮಾರಾಟವಾಗಬೇಕು, ವರ್ಷಕ್ಕೆ ಬಳ್ಳಾರಿಯಿಂದ 2.5 ಕೋಟಿ ಟನ್, ಉಳಿದೆರಡು ಜಿಲ್ಲೆಗಳಿಂದ 50 ಲಕ್ಷ ಟನ್ ಮೀರಬಾರದು ಎಂಬ ಮಿತಿಯೂ ಬಂತು. ಎಷ್ಟು ತೆಗೆದರು, ಯಾರಿಗೆ ಮಾರಿದರು, ಏನು ಬೆಲೆ ಬಂತು ಎಂಬುದು ಸಂಡೂರಿನ ಚರಿತ್ರೆಯಲ್ಲಿ ಮೊದಲ ಸಲ ಹೊರಗಿನವರ ಕಣ್ಣಿಗೆ ಬಿತ್ತು.

ಕೆಲಸ ಹೋಯಿತೇ? ಹೋಯಿತು. ಸಂಡೂರು, ಹೊಸಪೇಟೆಗಳಲ್ಲಿ ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡರು. ಗಣಿಯಲ್ಲಿ ದಿನಗೂಲಿಗಿದ್ದ ಹೆಂಗಸರಿಗೆ ಒಂದು ಪೈಸೆ ಪರಿಹಾರ ಕೊಡಬೇಕೆಂದು ಮಾಲೀಕರಿಗೆ ತೋಚಲಿಲ್ಲ. ಆದರೆ ಈ ಪಾಪವನ್ನು ಅರ್ಜಿದಾರರ ಕೊರಳಿಗೆ ಕಟ್ಟುವ ಪತ್ರಿಕೆಗೆ ನಮ್ಮದೊಂದು ಸರಳ ಪ್ರಶ್ನೆ: ಆ 12,228 ಕೋಟಿ ರೂಪಾಯಿಯ ಅದಿರು ಹಡಗು ಹತ್ತುವಾಗ ಕೂಲಿಯವರ ಪಾಲೆಷ್ಟಿತ್ತು? ಆಗ ಎಷ್ಟು ಸಂಪಾದಕೀಯ ಬರೆದಿರಿ?

ಅದೇ ಲೇಖನದಲ್ಲಿ ಇನ್ನೊಂದು ಸವೆದ ಆರೋಪವಿದೆ. ಗಣಿಗಳಲ್ಲಿ ಪಾರದರ್ಶಕತೆ ಕೇಳುವುದು ವಿದೇಶಿ ಕಾರ್ಯಸೂಚಿಯಂತೆ. ವಿದೇಶದಲ್ಲಿ ಏನಾಯಿತೆಂದು ಸ್ವಲ್ಪ ನೋಡೋಣ. 1999ರಲ್ಲಿ ಲಂಡನ್ನಿನ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಅಂಗೋಲಾದ ತೈಲದ ಹಣ ಹೇಗೆ ಮಾಯವಾಗುತ್ತಿದೆ ಎಂದು ವರದಿ ಬರೆಯಿತು. 2001ರಲ್ಲಿ ಬಿಪಿ ಕಂಪನಿ ಅಂಗೋಲಾ ಸರ್ಕಾರಕ್ಕೆ ತಾನು ಕಟ್ಟಿದ 11.1 ಕೋಟಿ ಡಾಲರ್ ಬೋನಸ್ಸನ್ನು ಬಹಿರಂಗ ಮಾಡಿತು. ಅಲ್ಲಿನ ಸರ್ಕಾರಿ ತೈಲ ಸಂಸ್ಥೆ ಸೋನಾಂಗೋಲ್ ಕೆಂಡವಾಗಿ, ಕರಾರೇ ರದ್ದಾದೀತು ಎಂದು ಬೆದರಿಸಿತು. ಒಂದೇ ಕಂಪನಿ ಬಾಯಿ ಬಿಟ್ಟರೆ ಅದನ್ನು ಓಡಿಸಬಹುದು, ಎಲ್ಲವೂ ಬಾಯಿ ಬಿಡುವಂತಾದರೆ ಯಾರನ್ನು ಓಡಿಸುತ್ತಾರೆ? ಈ ಯೋಚನೆಯಿಂದ 2002ರಲ್ಲಿ ‘ಪಬ್ಲಿಷ್ ವಾಟ್ ಯು ಪೇ’ ಹುಟ್ಟಿತು. ತೈಲ, ಅನಿಲ, ಗಣಿ ಕಂಪನಿಗಳು ಸರ್ಕಾರಗಳಿಗೆ ಕಟ್ಟುವ ಪ್ರತಿ ಪಾವತಿಯನ್ನೂ ಪ್ರಕಟಿಸಲಿ ಎಂಬುದೇ ಆ ಧರ್ಮಾರ್ಥ ಸಂಸ್ಥೆಯ ಬೇಡಿಕೆ. 2010ರಲ್ಲಿ ಅಮೆರಿಕ, 2013ರಲ್ಲಿ ಐರೋಪ್ಯ ಒಕ್ಕೂಟ ಇದಕ್ಕೆ ಕಾನೂನು ಮಾಡಿದವು. 2017ರಲ್ಲಿ ಟ್ರಂಪ್ ಅಧಿಕಾರಕ್ಕೆ ಬಂದ ಒಂದೇ ತಿಂಗಳಲ್ಲಿ ಅಮೆರಿಕದ ಕಾಂಗ್ರೆಸ್ಸು ಆ ಕಾನೂನಿನ ನಿಯಮಾವಳಿಯನ್ನು ಕಿತ್ತೆಸೆಯಿತು. ಅಂದರೆ ಲೆಕ್ಕ ಕೇಳುವವರನ್ನು ಕಂಡರೆ ಅಲ್ಲಿಯ ದೊರೆಗಳಿಗೂ ಮೈ ಉರಿಯುತ್ತದೆ. ನೈಜೀರಿಯಾ, ಇಂಡೋನೇಷ್ಯಾಗಳು ತೈಲ, ಗಣಿ ಪಾರದರ್ಶಕತೆಯ ಅಂತರರಾಷ್ಟ್ರೀಯ ಉಪಕ್ರಮಕ್ಕೆ ಸೇರಿವೆ, ಭಾರತ ಸೇರಿಲ್ಲ. ನೈಜೀರಿಯಾದವರಿಗಿಂತ ನಾವು ಪ್ರಾಮಾಣಿಕರು, ಆದ್ದರಿಂದ ಬೇಕಿಲ್ಲ ಎನ್ನುವವರು ಜಪ್ತಿಯಾದ ಅದಿರೇ ಮಾಯವಾದ ಬೇಲೆಕೇರಿ ಬಂದರಿಗೆ ಒಮ್ಮೆ ಹೋಗಿ ಬರಬೇಕು.

ಎಡಪಂಥದ ನಮ್ಮ ಗೆಳೆಯರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಲೆಕ್ಕ ಚೊಕ್ಕವಾಗಿದ್ದರೆ ಗುಡ್ಡ ಉಳಿಯುತ್ತದೆಯೇ, ರಸೀದಿ ಕೊಟ್ಟು ಕಡಿದರೂ ಕಾಡು ಕಾಡೇ ತಾನೇ ಎಂದು ಅವರು ಕೇಳುತ್ತಾರೆ. ಒಪ್ಪೋಣ. ಆದರೆ ಸಂಡೂರಿನ ದೇವದಾರಿ ಬೆಟ್ಟವನ್ನು ನೋಡಿ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಂಟುಮೂಟೆ ಕಟ್ಟಿದ ಕೆಐಒಸಿಎಲ್ ಕಂಪನಿಯೇ ಅಲ್ಲಿ ಅಗೆಯಲು ಬಂದಿದೆ. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರಾದ ಕುಮಾರಸ್ವಾಮಿಯವರು ಅಧಿಕಾರ ವಹಿಸಿಕೊಂಡ ಕೂಡಲೇ ಅದರ ಕಡತಕ್ಕೆ ಸಹಿ ಹಾಕಿದರು. ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರಕ್ಕೂ ಹೆಚ್ಚು ಮರ ಹೋಗುತ್ತವೆ ಎಂಬುದು ಕಡತದಿಂದ ಹೊರಬಿದ್ದ ಮೇಲೆಯೇ ಗದ್ದಲ ಎದ್ದದ್ದು. ಕುದುರೆಮುಖದ ಬಾಕಿಯನ್ನೇ ಕಂಪನಿ ತೀರಿಸಿಲ್ಲವೆಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಜಮೀನು ಹಸ್ತಾಂತರಕ್ಕೆ ತಡೆ ಹಾಕಿದರು. ಮರದ ಎಣಿಕೆ, ಬಾಕಿಯ ಮೊತ್ತ ಗೊತ್ತಿರದಿದ್ದರೆ ಯಾವ ಕಾಲಿನ ಮೇಲೆ ನಿಂತು ಬೇಡ ಎನ್ನುತ್ತಿದ್ದಿರಿ? ಬರೀ ಲೆಕ್ಕದಿಂದ ಬೆಟ್ಟ ಉಳಿಯದು, ನಿಜ. ಲೆಕ್ಕವಿಲ್ಲದೆ ಬೆಟ್ಟ ಉಳಿದ ಒಂದು ಉದಾಹರಣೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

ಪಕ್ಷಗಳ ಮಾತು ಎತ್ತಬಾರದು ಎಂದುಕೊಂಡಿದ್ದೆವು, ಎತ್ತದೆ ವಿಧಿಯಿಲ್ಲ. 2010ರಲ್ಲಿ ಕಾಂಗ್ರೆಸ್ಸು ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರ್ ಪಾದಯಾತ್ರೆ ಹೊರಟಿತು. ಅದೇ ವರ್ಷ ಬೇಲೆಕೇರಿಯಲ್ಲಿ ಅರಣ್ಯಾಧಿಕಾರಿ ಆರ್. ಗೋಕುಲ್ ಜಪ್ತಿ ಮಾಡಿದ್ದ ಅದಿರಿನಲ್ಲಿ ಸುಮಾರು 5 ಲಕ್ಷ ಟನ್ ಹಗಲುಹೊತ್ತಿನಲ್ಲೇ ಕಾಣೆಯಾಗಿತ್ತು. ಗೋಕುಲ್ ಅವರನ್ನೇ ಅಮಾನತು ಮಾಡಲು ಅಂದಿನ ಬಿಜೆಪಿ ಸರ್ಕಾರ ಹೊರಟಾಗ ಹೆಗ್ಡೆಯವರು ಲೋಕಾಯುಕ್ತ ಹುದ್ದೆಗೆ ರಾಜೀನಾಮೆ ಬಿಸಾಕಿದರು, ಆಮೇಲೆ ಹಿಂಪಡೆದರು. ಆ ಪ್ರಕರಣದಲ್ಲಿ ಸಿಬಿಐ ಬಂಧಿಸಿದ್ದ ಸತೀಶ್ ಸೈಲ್ ಅವರಿಗೆ ಮುಂದೆ ಟಿಕೆಟ್ ಕೊಟ್ಟದ್ದು ಅದೇ ಪಾದಯಾತ್ರೆಯ ಪಕ್ಷ. 2024ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಅವರಿಗೆ 7 ವರ್ಷ ಶಿಕ್ಷೆ ವಿಧಿಸಿತು. ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ಓಬಳಾಪುರಂ ಗಣಿ ಪ್ರಕರಣದಲ್ಲಿ ಬಿಜೆಪಿಯ ಜನಾರ್ದನ ರೆಡ್ಡಿಯವರಿಗೂ 7 ವರ್ಷ ವಿಧಿಸಿತು; ಅದೂ ಮರುತಿಂಗಳೇ ಅಮಾನತಿಗೆ ಹೋಯಿತು. ಎರಡು ಪಕ್ಷ, ಒಂದೇ ಶಿಕ್ಷೆ, ಒಂದೇ ಗತಿ. ಲೋಕಾಯುಕ್ತ ವರದಿ ಹಿಡಿದು ನಡೆದವರೇ ಅಧಿಕಾರಕ್ಕೆ ಬಂದು 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿ ಲೋಕಾಯುಕ್ತದ ಹಲ್ಲು ಕಿತ್ತರು. ಆ ದಳವನ್ನು ರದ್ದುಮಾಡಲು ಹೈಕೋರ್ಟೇ ಬರಬೇಕಾಯಿತು, 2022ರಲ್ಲಿ.

ಅದೇ 2022ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಅದಿರನ್ನು ಇ-ಹರಾಜಿನ ಹೊರಗೆ ಮಾರಲು, ರಫ್ತು ಮಾಡಲು ಒಪ್ಪಿತು. ವಾರ್ಷಿಕ ಮಿತಿ ಮೂರೂ ಜಿಲ್ಲೆ ಸೇರಿ 5 ಕೋಟಿ ಟನ್ನಿಗೆ ಏರಿತು. ಲಾರಿಗಳು ಮತ್ತೆ ಸಾಲುಗಟ್ಟಿವೆ. ಇತ್ತ ಗಣಿಬಾಧಿತ ಹಳ್ಳಿಗಳ ಪುನಶ್ಚೇತನಕ್ಕೆಂದು ಕೋರ್ಟಿನ ಆದೇಶದಿಂದ ಕೂಡಿಟ್ಟ ಹಣವಿದೆ, ಸುಮಾರು 25 ಸಾವಿರ ಕೋಟಿಯ ಯೋಜನೆ ಇದೆ, ಅದನ್ನು ನಡೆಸಲು 2014ರಲ್ಲಿ ಹುಟ್ಟಿದ ನಿಗಮವೂ ಇದೆ. ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬೇರೆ. ತಮ್ಮೂರಿನ ಹೆಸರಿನಲ್ಲಿ ಎಷ್ಟು ಖರ್ಚಾಗಿದೆಯೆಂದು ಧೂಳು ಕುಡಿಯುವ ಹಳ್ಳಿಯವರು ಪಂಚಾಯಿತಿ ಗೋಡೆಯ ಮೇಲೆ ಓದುವಂತಿರಬೇಕು. ಕೇಳಿ ಪಡೆಯೋಣವೆಂದರೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ತಿದ್ದಿಬಿಟ್ಟಿದೆ. ವೈಯಕ್ತಿಕ ಎಂದೊಡನೆ ಬಾಗಿಲು ಹಾಕಿಕೊಳ್ಳಲು ಈಗ ಅಧಿಕಾರಿಗೆ ಕಾನೂನಿನ ಬಲವಿದೆ. ಗುತ್ತಿಗೆಯ ಹಿಂದಿರುವ ನಿಜವಾದ ಒಡೆಯ ಯಾರು ಎಂದು ಕೇಳಿದರೆ ಅದೂ ವೈಯಕ್ತಿಕವಾದೀತು.

ಇಷ್ಟೆಲ್ಲ ಒಂದು ಸಾಹಿತ್ಯ ಪತ್ರಿಕೆಗೆ ಏಕೆ ಎನ್ನುವವರಿದ್ದಾರೆ. ಏಕೆಂದರೆ 88ನೇ ಸಾಹಿತ್ಯ ಸಮ್ಮೇಳನವನ್ನು ಬಳ್ಳಾರಿಗೆ ಕೊಡಲಾಗಿದೆ. ಏಕೆಂದರೆ ನಮ್ಮ ವಿಚಾರ ಸಂಕಿರಣಗಳ ಬ್ಯಾನರಿನ ತಳದಲ್ಲಿ ಯಾರ ಹೆಸರಿರುತ್ತದೆಂದು ನಾವು ಓದುವುದನ್ನು ಬಿಟ್ಟಿದ್ದೇವೆ. ಪರಿಸರದ ಕವಿತೆ ಓದಿ, ಅದಿರಿನ ದುಡ್ಡಿನ ಶಾಲು ಹೊದ್ದು, ಅದೇ ದುಡ್ಡಿನ ಕಾರಿನಲ್ಲಿ ಬಸ್ ನಿಲ್ದಾಣಕ್ಕೆ ಬಿಡಿಸಿಕೊಂಡ ಕವಿಗಳು ನಮ್ಮ ನಡುವೆ ಒಬ್ಬಿಬ್ಬರಲ್ಲ. 1926ರಲ್ಲಿ ಬಳ್ಳಾರಿಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಫ.ಗು. ಹಳಕಟ್ಟಿ. ಮಠ ಮನೆಗಳ ಮೂಲೆಯಲ್ಲಿ ಗಂಟು ಕಟ್ಟಿ ಬಿದ್ದಿದ್ದ ತಾಡವೋಲೆಗಳನ್ನು ಊರೂರು ತಿರುಗಿ ಕೂಡಿಹಾಕಿ, ಮನೆ ಮಾರಿ ಅಚ್ಚುಕೂಟ ಹಾಕಿ ವಚನಗಳನ್ನು ಎಲ್ಲರ ಕೈಗೆ ಕೊಟ್ಟವರು. ‘ಶಿವಾನುಭವ’ ಪತ್ರಿಕೆ ಶುರುಮಾಡಿದ್ದೂ ಆ ವರ್ಷವೇ. ಅಂಥವರು ಕೂತ ಊರಿನ ವೇದಿಕೆಯನ್ನು ಏರುವವರಿಗೆ, ಅದಕ್ಕೆ ದುಡ್ಡು ಕೊಟ್ಟವರು ಯಾರೆಂದು ಕೇಳುವಷ್ಟಾದರೂ ನಾಲಗೆ ಇರಬೇಕು.

ಈ ಸಂಚಿಕೆ ಗಣಿನಾಡಿನ ಬರಹಗಳ ವಿಶೇಷಾಂಕ. ಓದಿ, ಜಗಳ ಆಡಿ.

ಬಳ್ಳಾರಿಯ ಸ್ವಾಗತ ಸಮಿತಿಗೆ ನಮ್ಮ ಬೇಡಿಕೆ ಎರಡೇ. ಚಪ್ಪರದ ಗೂಟ ನೆಡುವ ಮೊದಲು ದಾನಿಗಳ ಹೆಸರು ಮತ್ತು ಮೊತ್ತ ಪ್ರಕಟಿಸಿ. ಗಣಿ ಪರ್ಮಿಟ್, ರಾಯಧನ, ಪುನಶ್ಚೇತನ ನಿಧಿಯ ಖರ್ಚು ಇವೆಲ್ಲ ಪ್ರತಿ ತಿಂಗಳು ಕನ್ನಡದಲ್ಲಿ ಪಂಚಾಯಿತಿಗಳಿಗೆ ತಲುಪಲಿ ಎಂಬ ನಿರ್ಣಯವನ್ನು ಬಹಿರಂಗ ಅಧಿವೇಶನದಲ್ಲಿ ಮಂಡಿಸಿ. ಬೇರೆಯವರಿಗೆ ಹೇಳುವ ಮೊದಲು ನಾವು ಮಾಡಬೇಕಲ್ಲ: ಕಳೆದ ವರ್ಷ ಈ ಪತ್ರಿಕೆಗೆ ಜಾಹೀರಾತು, ದೇಣಿಗೆ ಕೊಟ್ಟ ಪ್ರತಿಯೊಬ್ಬರ ಹೆಸರು, ಮೊತ್ತ ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ಗೆಳೆಯ ಪತ್ರಿಕೆ ಮುಂದಿನ ತಿಂಗಳು ತನ್ನ ಪಟ್ಟಿಯನ್ನೂ ಅಚ್ಚು ಹಾಕಲಿ. ಆಮೇಲೆ ಬಳ್ಳಾರಿಯ ಬಡವರ ಒಲೆಯ ಬಗ್ಗೆ ಅವರೊಡನೆ ಎಷ್ಟು ಹೊತ್ತು ಬೇಕಾದರೂ ಮಾತಾಡಲು ಸಿದ್ಧರಿದ್ದೇವೆ.