ಚೌಕಳಿ ಬಟ್ಟೆಯೂ ವಂಶವೃಕ್ಷವೂ

ತಮ್ಮ ಹಿರಿಯರ ಮೂಲವನ್ನು ಅರಸುತ್ತ ಕೆನಡಾ, ಅಮೆರಿಕ, ಆಸ್ಟ್ರೇಲಿಯಗಳಿಂದ ಪ್ರತಿವರ್ಷವೂ ಅನೇಕರು ಸ್ಕಾಟ್ಲೆಂಡಿಗೆ ಬರುತ್ತಾರೆ. ಎಡಿನ್‌ಬರೋ ನಗರದ ಅಂಗಡಿಗಳಲ್ಲಿ ಮನೆತನದ ಹೆಸರನ್ನು ಹೇಳಿದರೆ ಸಾಕು, ಇದೇ ನಿಮ್ಮ ಕುಲದ ಬಟ್ಟೆಯೆಂದು ಟಾರ್ಟನ್ ಎಂಬ ಚೌಕಳಿ ಉಣ್ಣೆಬಟ್ಟೆಯನ್ನು ಮುಂದೆ ಹರಡುತ್ತಾರೆ. ಕೊಳ್ಳುವವರಿಗೆ ಸಂತೋಷ, ಮಾರುವವರಿಗೆ ಲಾಭ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಇದನ್ನೇ ವಂಶದ ಅರಿವೆಂದು ಭಾವಿಸುವುದನ್ನು ನಾವು ಒಪ್ಪಲಾರೆವು.

ಕುಲಕ್ಕೊಂದು ಟಾರ್ಟನ್ ಎಂಬ ಕಟ್ಟಳೆ ಬಹುಮಟ್ಟಿಗೆ 19ನೆಯ ಶತಮಾನದ್ದು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಂಭ್ರಮವೇ ಅದಕ್ಕೆ ಪುಷ್ಟಿ ಕೊಟ್ಟಿತು. ಹೆಸರಿನ ವಿಷಯ ಇನ್ನೂ ತೊಡಕಿನದು. ಉತ್ತರದ ಬೆಟ್ಟಸೀಮೆಯ ಒಕ್ಕಲುಗಳು ರಕ್ತಸಂಬಂಧವಿಲ್ಲದಿದ್ದರೂ ಎಷ್ಟೋ ವೇಳೆ ಒಡೆಯನ ಹೆಸರನ್ನು ತಾಳುತ್ತಿದ್ದರು. ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನಂತೂ 1603ರಲ್ಲಿ ಮರಣದಂಡನೆಯ ಭಯವೊಡ್ಡಿ ನಿಷೇಧಿಸಲಾಯಿತು. ಆ ಜನ ಮರ್ರೆ, ಡ್ರಮಂಡ್, ಕ್ಯಾಂಬೆಲ್ ಮೊದಲಾದ ಹೆಸರುಗಳ ಮರೆಯಲ್ಲಿ ಬಾಳಿದರು. ನಡುವೆ ಕೆಲಕಾಲ ಸಡಿಲಗೊಂಡಿದ್ದ ಆ ನಿಷೇಧವು ಕೊನೆಯದಾಗಿ ರದ್ದಾದುದು 1774ರಲ್ಲಿ. ಹೀಗಿರುವಾಗ ಇಂದಿನ ಡ್ರಮಂಡನೊಬ್ಬನು ಉಡುವ ಬಟ್ಟೆ ಯಾರ ಕುಲದ್ದು?

ಎಂಜಲಿನ ಪರೀಕ್ಷೆಯಿಂದ ಈ ಸಂದೇಹವೆಲ್ಲ ನೀಗುವುದೆಂದು ಈಗ ಹಲವರು ನಂಬುತ್ತಾರೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ. ಡಿ.ಎನ್.ಎ. ತುಣುಕುಗಳಾಗಿ ಹಂಚಿಕೆಯಾಗುತ್ತ ಬರುವುದರಿಂದ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯಿಂದ ನಮಗೆ ಒಂದು ತುಣುಕೂ ಬಂದಿರುವುದಿಲ್ಲ. ಅಷ್ಟರಿಂದ ಅವರು ಪೂರ್ವಿಕರಲ್ಲವೆನ್ನಲಾದೀತೆ? ಹತ್ತಿರದ ಬಂಧುಗಳನ್ನು ಗುರುತಿಸುವುದರಲ್ಲಿ ಈ ಪರೀಕ್ಷೆ ಸಮರ್ಥವಾದುದು. ಶೇಕಡ ಇಷ್ಟು ಸ್ಕಾಟ್ಲೆಂಡಿನವರು ಎಂಬ ಲೆಕ್ಕವಾದರೊ ಇಂದು ಬದುಕಿರುವವರ ಮಾದರಿಗಳೊಡನೆ ಹೋಲಿಸಿ ಮಾಡಿದ ಅಂದಾಜು.

ನಮ್ಮ ಮತದಲ್ಲಿ ನಿಜವಾದ ನಿಧಿಯಿರುವುದು ದಫ್ತರಗಳಲ್ಲಿ. ಉಳಿದುಬಂದಿರುವ ಪ್ಯಾರಿಷ್ ದಫ್ತರಗಳಲ್ಲಿ ಅತ್ಯಂತ ಹಳೆಯದಾದ ಎರಲ್ ಗ್ರಾಮದ್ದು 1553ರಷ್ಟು ಹಿಂದಿನದು. 1855ರ ಜನವರಿ 1ರಿಂದ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ಮೊದಲಾಯಿತು. ಆ ಮೊದಲ ವರ್ಷದ ಉತ್ಸಾಹ ನೋಡತಕ್ಕದ್ದು! ಮರಣದ ದಾಖಲೆಯಲ್ಲಿ ಸತ್ತವರ ಹುಟ್ಟೂರು, ತಂದೆತಾಯಿಗಳು, ಕೈಹಿಡಿದವರು, ಮಕ್ಕಳೆಲ್ಲರ ಹೆಸರುಗಳನ್ನೂ ಬರೆದರು. ಈ ಭಾರ ತಾಳಲಾರದೆ ಮರುವರ್ಷವೇ ವಿವರಗಳನ್ನು ಮೊಟಕುಗೊಳಿಸಬೇಕಾಯಿತು. 1855ರಲ್ಲಿ ಸತ್ತವರ ಸಂತತಿಯವರು ಪುಣ್ಯವಂತರೆಂದೇ ಹೇಳಬೇಕು. ಮದುವೆಯಾದ ಹೆಂಗಸಿನ ತವರಿನ ಹೆಸರನ್ನು ಈ ದಫ್ತರಗಳು ಕೈಬಿಡದಿರುವುದು ಇನ್ನೊಂದು ಉಪಕಾರ. ತಾಯಿಯ ಕಡೆಯ ಎಳೆ ಕಡಿದುಹೋಗದು.

ದಫ್ತರಗಳಲ್ಲಿ ಸಿಕ್ಕುವವರು ಬಹುಪಾಲು ನೇಕಾರರು, ಬೆಸ್ತರು, ಕೂಲಿಯಾಳುಗಳು. ಕುರಿಸಾಕಣೆಗೆ ನೆಲ ಬೇಕೆಂದು 18–19ನೆಯ ಶತಮಾನಗಳಲ್ಲಿ ಬೆಟ್ಟಸೀಮೆಯ ಒಡೆಯರು ಒಕ್ಕಲೆಬ್ಬಿಸಿದ ಸಾವಿರಾರು ಕುಟುಂಬಗಳಲ್ಲಿ ಎಷ್ಟೋ ಕೆನಡಾ ಸೇರಿದವು. ಅಂತಹವರ ಸಂತತಿಯವನು ಮರಳಿ ಬಂದು, ಒಕ್ಕಲೆಬ್ಬಿಸಿದ ಒಡೆಯನ ಬಟ್ಟೆಯನ್ನೇ ಹೆಮ್ಮೆಯಿಂದ ಉಟ್ಟು, ಅವನ ಕೋಟೆಯ ಮುಂದೆ ಚಿತ್ರ ತೆಗೆಸಿಕೊಳ್ಳುವುದುಂಟು. ಹೊರದಬ್ಬಿಸಿಕೊಂಡ ಅಜ್ಜಿಯ ಹೆಸರು ಮಾತ್ರ ಅವನಿಗೆ ತಿಳಿಯದು.

ಈ ದಫ್ತರಗಳಿಗೂ ಮಿತಿಯುಂಟು. ಬೆಟ್ಟಸೀಮೆಯ ಮತ್ತು ದ್ವೀಪಗಳ ಅನೇಕ ಪ್ಯಾರಿಷ್‌ಗಳಲ್ಲಿ 18ನೆಯ ಶತಮಾನದ ಉತ್ತರಾರ್ಧಕ್ಕೆ ಹಿಂದಿನ ಪುಟಗಳೇ ಇಲ್ಲ. ನಮ್ಮ ನಾಡಿನ ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹುಟ್ಟಿದುದು ಅಂತಹುದೊಂದು ದ್ವೀಪದಲ್ಲಿ, ಲೂಯಿಸ್‌ನ ಸ್ಟಾರ್ನೊವೇಯಲ್ಲಿ. ಅಲ್ಲಿನ ಒಕ್ಕಲುಗಳ ಕೈಫಿಯತ್ತುಗಳನ್ನು ಬರೆಯಿಸಲು ಅಂತಹವನೊಬ್ಬನು ದೊರೆಯಲಿಲ್ಲ.